ಗಾಯಾಳು ಚಿತ್ತಪ್ಪನ ಹೆಂಡತಿ

ಚಿತ್ತಪ್ಪ ಸತ್ತು ಎರಡು ವರ್ಷ ಎಂಟು ತಿಂಗಳಾದ ಮೇಲೆ ಸರ್ಕಾರದಿಂದ ಅವನಿಗೊಂದು ಕಾಗದ ಬಂತು. ಬಾಂಬ್ ಸ್ಫೋಟದಲ್ಲಿ ಗಾಯಗೊಂಡ ಶ್ರೀ ಚಿತ್ತಪ್ಪನವರು ಇಂಥ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಜಿಲ್ಲಾ ಕೇಂದ್ರದಲ್ಲಿ ವೈದ್ಯರ ಮುಂದೆ ಖುದ್ದಾಗಿ ಹಾಜರಾಗಬೇಕು, ಅವರ ಅಂಗವೈಕಲ್ಯ ಶೇಕಡಾ ಎಷ್ಟೆಂದು ಗೊತ್ತುಮಾಡಬೇಕಾಗಿದೆ, ತಪ್ಪಿದಲ್ಲಿ ಅವರಿಗೆ ಈ ವಿಷಯದಲ್ಲಿ ಆಸಕ್ತಿ ಇಲ್ಲವೆಂದು ಭಾವಿಸಲಾಗುವುದು ಎಂದು ಅದರಲ್ಲಿತ್ತು. ತವರಿಗೆ ಬಂದಿದ್ದ ಮಗಳು ಗಂಗೋತ್ರಿ ಅದನ್ನು ಗಟ್ಟಿಯಾಗಿ ಓದಿದಳು. ಗಾದ್ರಮ್ಮ ಕುರಿ ರೊಪ್ಪದ ಬಾಗಿಲಲ್ಲಿ ಕೂತು ಮರಿಯೊಂದರ ಕಾಲಿಗೆ ಹೊಕ್ಕ ಮುಳ್ಳು ತೆಗೆಯುತ್ತಿದ್ದಳು. ಕೈ ನಿಲ್ಲಿಸಿದಳು.

"ಏನಂದೆ? ಆಸಕ್ತಿ ಇಲ್ಲ ಅಂತಾರಾ?"

"ಹೂಂ ಕಣವ್ವಾ, ಹಂಗೇ ಬರ್ದಾರೆ."

"ಸತ್ತೋನಿಗೆ ಆಸಕ್ತಿ ಇರಲ್ಲ, ಅದು ನಿಜ. ನಂಗೈತೆ. ತಾರೀಕು ಯಾವತ್ತು ನೋಡು, ಹೋಗಾನ."

ಮುಳ್ಳು ಬಂತು. ಮರಿ ಜಿಗಿದು ಓಡಿತು.

ಗಾದ್ರಮ್ಮನ ಮುಂದೆ ಯಾರಾದರೂ ಅಯ್ಯೋ ಪಾಪ ಎನ್ನುವ ಮುಖ ಹೊತ್ತುಕೊಂಡು ಬಂದರೆ ಪೆಚ್ಚಾಗಿ ವಾಪಸು ಹೋಗುತ್ತಾರೆ. ಜಗಳೂರಿನಿಂದ ಎಂಟು ಕಿಲೋಮೀಟರ್ ಆಚೆಯ ಆ ಹಟ್ಟಿಯಲ್ಲಿ ಅವಳಷ್ಟು ಗಟ್ಟಿಯಾಗಿ ನಗುವವರು ಇನ್ನೊಬ್ಬರಿಲ್ಲ. ವಯಸ್ಸು ಐವತ್ಮೂರೋ ಐವತ್ನಾಲ್ಕೋ. ಆಧಾರ್ ಕಾರ್ಡಿನ ಪ್ರಕಾರ ಅರವತ್ತೊಂದು. ಕಾರ್ಡು ಮಾಡಿದವನು ನನ್ನ ನರೆಗೂದಲು ನೋಡಿ ಅಂದಾಜಿಗೆ ಬರೆದ ಎಂದು ಅವಳ ದೂರು. ಎಂಬತ್ತು ಚಿಲ್ಲರೆ ಕುರಿಗಳಿವೆ. ಅವಳು ಎಣಿಸುವುದಿಲ್ಲ. ಸಂಜೆ ರೊಪ್ಪಕ್ಕೆ ಹೊಗುವಾಗ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡುತ್ತಾಳೆ, ಬಾರದ ಮುಖ ಯಾವುದೆಂದು ಅವಳಿಗೆ ತಟ್ಟನೆ ಗೊತ್ತಾಗುತ್ತದೆ. ಮೂರು ಹೊತ್ತು ಮುದ್ದೆ ಸಿಗುತ್ತದೆ, ಮಲಗಿದರೆ ನಿದ್ದೆ ಬರುತ್ತದೆ, ಬೈಯಲು ಕುರಿಗಳಿವೆ. ಮನುಷ್ಯರಿಗೆ ಇನ್ನೇನು ಬೇಕು ಎಂದು ಅವಳು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಮದುವೆಯಾದ ವರ್ಷದಿಂದ ಅವಳದು ಗಂಡನ ಜೊತೆ ತಿರುಗುವ ಬಾಳು. ಸಂಕ್ರಾಂತಿ ಹೊತ್ತಿಗೆ ಜಗಳೂರು ಸೀಮೆಯಲ್ಲಿ ಮೆಕ್ಕೆಜೋಳದ ಕೂಳೆಯೂ ಮುಗಿದು ಹುಲ್ಲುಕಡ್ಡಿ ಇರುವುದಿಲ್ಲ. ಆಗ ಮಂದೆ ಹೊಡೆದುಕೊಂಡು ಕಾಲುವೆ ನೀರಿನ ಸೀಮೆಗೆ ನಡೆಯಬೇಕು. ಮೊದಲು ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ, ಅಲ್ಲಿಂದ ಹೊನ್ನಾಳಿಯ ಹೊಳೆದಂಡೆ, ಆಮೇಲೆ ನ್ಯಾಮತಿ, ಮುಂಗಾರು ಬಿದ್ದ ಮೇಲೆ ಮತ್ತೆ ಹಟ್ಟಿ. ಭತ್ತ ಕೊಯ್ದ ಗದ್ದೆಗಳಲ್ಲಿ ಇರುಳು ಕುರಿ ನಿಲ್ಲಿಸಿದರೆ ಅವುಗಳ ಹಿಕ್ಕೆ ಗಂಜಲ ಹೊಲಕ್ಕೆ ಗೊಬ್ಬರ. ಹೊಲದವರು ಅದಕ್ಕೆ ದವಸ ಕೊಡುತ್ತಾರೆ, ಒಂದಿಷ್ಟು ದುಡ್ಡನ್ನೂ ಕೊಡುತ್ತಾರೆ. ಗಂಗೋತ್ರಿ ಹುಟ್ಟಿದ್ದು ಇಂಥ ತಿರುಗಾಟದಲ್ಲೇ, ಹೊನ್ನಾಳಿ ಆಸ್ಪತ್ರೆಯಲ್ಲಿ. ಹೊಳೆದಂಡೆಯ ಕೂಸು ಎಂದು ಅಲ್ಲಿನ ನರ್ಸಮ್ಮ ಆ ಹೆಸರಿಟ್ಟಳು. ನಾಲ್ಕನೆಯ ದಿನಕ್ಕೆ ಗಾದ್ರಮ್ಮ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನ್ಯಾಮತಿ ರಸ್ತೆಯಲ್ಲಿ ಕುರಿಗಳ ಹಿಂದಿದ್ದಳು. ಆ ಕೂಸು ಬೆಳೆದು ಈಗ ಅದೇ ನ್ಯಾಮತಿಗೆ ಸೊಸೆಯಾಗಿ ಹೋಗಿದೆ. ಊರು ತಾಲ್ಲೂಕಾದ ಮೇಲೆ ಗಂಗೋತ್ರಿಯ ಗಂಡ ಅಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಅವಳು ಅಲ್ಲಿ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಾಳೆ.

ತ್ಯಾವಣಿಗೆಯಲ್ಲಿ ಇವರ ಮಂದೆ ಇಪ್ಪತ್ತೈದು ವರ್ಷದಿಂದ ನಿಲ್ಲುತ್ತಿದ್ದದ್ದು ಸಿದ್ದಲಿಂಗಮ್ಮನ ಗದ್ದೆಯಲ್ಲಿ. ಅವರು ಅಡಿಕೆ, ಭತ್ತ ಎರಡೂ ಇರುವ ಅನುಕೂಲಸ್ಥರು. ಒಬ್ಬನೇ ಮಗ ವಿನಯ್ ಕುಮಾರ್. ಚಡ್ಡಿ ಹಾಕುವ ವಯಸ್ಸಿನಿಂದಲೂ ಚಿತ್ತಪ್ಪನ ಬೆನ್ನು ಬಿದ್ದು ಕುರಿ ಜಾತಿ, ಕುರಿ ರೋಗ ಎಲ್ಲ ಕೇಳಿ ತಿಳಿದುಕೊಂಡವನು. ಮೂವತ್ತು ತುಂಬಿದಾಗ ಅವನಿಗೆ ಶೆಡ್ ಹಾಕಿ ಕುರಿ ಸಾಕುವ ಹುಚ್ಚು ಹತ್ತಿತು. ಹೊರ ರಾಜ್ಯದ ಒಂದು ದೊಡ್ಡ ಊರಿನ ಸಂತೆಯಲ್ಲಿ ಒಳ್ಳೆ ಜಾತಿಯ ಟಗರು ಸಿಗುತ್ತವೆ ಎಂದು ಯಾರೋ ಹೇಳಿದರು. ಟಗರನ್ನು ನೋಡಿ ಒಪ್ಪಲು ಚಿತ್ತಪ್ಪನ ಕಣ್ಣೇ ಬೇಕು ಎಂದು ಹಟ ಹಿಡಿದು ಅವನನ್ನೂ ರೈಲು ಹತ್ತಿಸಿಕೊಂಡು ಹೋದ. ಆ ಊರಿನ ಹೆಸರು ಗಾದ್ರಮ್ಮನ ನಾಲಿಗೆಯ ಮೇಲೆ ಇವತ್ತಿಗೂ ಸರಿಯಾಗಿ ಹೊರಳುವುದಿಲ್ಲ, ಹೊರಳಬೇಕೆಂಬ ಆಸೆಯೂ ಅವಳಿಗಿಲ್ಲ.

ಸಂತೆ ಮುಗಿಸಿ ಇಬ್ಬರೂ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಯಾರೋ ಅಲ್ಲೊಂದು ಚೀಲ ಇಟ್ಟು ಹೋಗಿದ್ದರು. ಅದು ಸಿಡಿದು ಹನ್ನೊಂದು ಜನ ಅಲ್ಲೇ ಸತ್ತರು. ವಿನಯ್ ಅವರಲ್ಲೊಬ್ಬ. ಬೆಂಚಿನ ಆ ಕೊನೆಗೆ ಕೂತಿದ್ದ ಚಿತ್ತಪ್ಪನ ಹೊಟ್ಟೆಗೆ ಕಬ್ಬಿಣದ ಚೂರುಗಳು ಹೊಕ್ಕವು, ಜೀವ ಉಳಿಯಿತು. ಇಟ್ಟವರು ಯಾರು, ಯಾಕೆ ಇಟ್ಟರು ಎಂದು ಟಿವಿಯವರು ಹದಿನೈದು ದಿನ ಗಂಟಲು ಹರಿದುಕೊಂಡರು. ಬೆಂಚಿನ ಮೇಲೆ ಕೂತಿದ್ದವರ ಹೆಸರು ಮಾತ್ರ ಎರಡನೆಯ ದಿನಕ್ಕೇ ನಿಂತುಹೋಯಿತು. ಸರ್ಕಾರ ಪರಿಹಾರ ಘೋಷಿಸಿತು: ಸತ್ತವರ ಮನೆಗೆ ಇಪ್ಪತ್ತೈದು ಲಕ್ಷ, ಗಾಯಗೊಂಡವರಿಗೆ ಒಂದು ಲಕ್ಷ.

ಗಾದ್ರಮ್ಮ ಮಗಳ ಜೊತೆ ಆ ಊರಿನ ಆಸ್ಪತ್ರೆಯಲ್ಲಿ ಹದಿನಾರು ದಿನ ಇದ್ದಳು. ಗಾಯ ನಂಜಾಗಿ ಏರುತ್ತಿತ್ತು. ಹದಿನಾರನೆಯ ದಿನ ಚಿತ್ತಪ್ಪ ಹೆಂಡತಿಯ ಕೈ ಹಿಡಿದು, "ಊರಿಗೆ ಕರ್ಕಂಡು ನಡಿಯೇ. ಇಲ್ಲಿ ಸಾಯಾಕೆ ನಂಗೆ ಭಾಷೆ ಬರಲ್ಲ" ಅಂದ. ಆಗಲೂ ತಮಾಷೆ ಬಿಡದ ಮನುಷ್ಯ. ಡಾಕ್ಟರು ಬೇಡವೆಂದರು, ಕರೆದುಕೊಂಡು ಹೋದರೆ ನಿಮ್ಮದೇ ಜವಾಬ್ದಾರಿ ಎಂದು ಕಾಗದ ಬರೆದರು, ಗಾದ್ರಮ್ಮ ಹೆಬ್ಬೆಟ್ಟು ಒತ್ತಿದಳು.

ಹಟ್ಟಿಯಲ್ಲಿ ಅವನು ಮೂರು ದಿನ ಇದ್ದ. ಆ ಮೂರು ದಿನದ ಬಗ್ಗೆ ಹೇಳುವಾಗ ಗಾದ್ರಮ್ಮನ ಮುಖದಲ್ಲಿ ಹೆಮ್ಮೆ ಕಾಣುತ್ತದೆ, ಅದನ್ನು ಅವಳು ಮುಚ್ಚಿಡುವುದೂ ಇಲ್ಲ. ಮಂಚವನ್ನು ಅಂಗಳಕ್ಕೆ ಹಾಕಿದರು. ಮಂದೆಯನ್ನು ಅವನ ಮುಂದೆಯೇ ಹಾಯಿಸಿದರು. ಒಂದು ಕುಂಟು ಕುರಿಯನ್ನು ತೋರಿಸಿ ಅದಕ್ಕೆ ಏನು ಮದ್ದು ಹಾಕಬೇಕೆಂದು ಹೇಳಿದ. ಅಣ್ಣತಮ್ಮಂದಿರು ಬಂದರು, ಹಳೆ ಜಗಳಗಳ ಮಾತು ಎತ್ತಿ ನಕ್ಕರು. ಮೂರನೆಯ ದಿನ ಬೆಳಿಗ್ಗೆ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ನೀರು ಕೇಳಿದ, ಕುಡಿದ, ಹೋದ. ಮಧ್ಯಾಹ್ನದೊಳಗೆ ಸ್ವಂತ ಹೊಲದಲ್ಲಿ ಮಣ್ಣು ಮಾಡಿದರು. ಇವರ ಕಡೆ ಹೆಣ ಕಾಯಿಸುವ ಪದ್ಧತಿ ಇಲ್ಲ. ಪೊಲೀಸರಿಗೆ ತಿಳಿಸಬೇಕು, ಪೋಸ್ಟ್‌ಮಾರ್ಟಂ ಮಾಡಿಸಬೇಕು ಎಂಬ ಮಾತು ಯಾರ ತಲೆಗೂ ಬರಲಿಲ್ಲ.

ಹದಿನೈದು ದಿನಕ್ಕೆ ಗ್ರಾಮ ಲೆಕ್ಕಿಗ ನಿಂಗರಾಜ್ ಮರಣ ಬರೆದುಕೊಳ್ಳಲು ಬಂದ. ಹೇಗೆ ತೀರಿಕೊಂಡರು ಎಂದು ಕೇಳಿದ. ಹಟ್ಟಿಯ ಹಿರಿಯ ಬೀರಲಿಂಗಪ್ಪ ಬಾಯಿ ಹಾಕಿ, "ಸಹಜ ಸಾವು ಅಂತ ಬರ್ಕಳಪ್ಪಾ. ಒಳ್ಳೆ ಸಾವು" ಅಂದ. ಗಾದ್ರಮ್ಮನೂ ತಲೆಯಾಡಿಸಿ, ನೀರು ಕುಡಿದ ಕತೆಯನ್ನು ನಿಂಗರಾಜನಿಗೆ ಪೂರ್ತಿ ಹೇಳಿದಳು.

ಅದರಲ್ಲಿ ಮೋಸವಿರಲಿಲ್ಲ. ಇವರ ಮನೆತನಗಳಲ್ಲಿ ಒಂದು ಕಟ್ಟಳೆ ಇದೆ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುವಾಗ ಒಳ್ಳೆ ಸಾವು ಸತ್ತವರಿಗೆ ಮನೆಯೊಳಗೆ ಎಡೆ ಇಡುತ್ತಾರೆ. ಹಾವು ಕಚ್ಚಿಯೋ ಬಾವಿಗೆ ಬಿದ್ದೋ ಹೊಡೆದಾಟದಲ್ಲೋ ಹೋದವರು ದುರ್ಮರಣದವರು. ಅವರ ಎಡೆ ಹೊಸ್ತಿಲಾಚೆ, ಹಿತ್ತಲ ಗೋಡೆಯ ಬುಡಕ್ಕೆ. ಗಂಡ ಒಳಗೆ ಕೂತು ಉಣ್ಣಬೇಕೆಂದು ಗಾದ್ರಮ್ಮನಿಗೆ ಆಸೆ. ಅವನ ಹೊಟ್ಟೆಯಲ್ಲಿ ಬಾಂಬಿನ ಚೂರಿತ್ತು ಎನ್ನುವುದನ್ನು ಹಟ್ಟಿ ಕಂಡೂ ಕಾಣದಂತೆ ನುಂಗಿಕೊಂಡಿತು. ಪುಸ್ತಕದಲ್ಲಿ ಸಹಜ ಸಾವು ಎಂದು ಬಿತ್ತು. ಬ್ಯಾಂಕಿಗೆ ಬಂದ ಗಾಯಾಳುವಿನ ಒಂದು ಲಕ್ಷ ಆಸ್ಪತ್ರೆ ಓಡಾಟದ ಸಾಲಕ್ಕೆ ಸರಿಹೋಯಿತು. ಗಾದ್ರಮ್ಮ ಅಷ್ಟೇ ಇರಬೇಕು ಅಂದುಕೊಂಡಳು.

ಮೊದಲ ಬೇಸಿಗೆ ಮಂದೆಯ ಜೊತೆ ಮೈದುನ ಹೋದ. ಎರಡನೆಯ ಬೇಸಿಗೆ ಗಾದ್ರಮ್ಮ ತಾನೇ ಹೊರಟಳು. ತ್ಯಾವಣಿಗೆಯಲ್ಲಿ ಸಿದ್ದಲಿಂಗಮ್ಮ ಅವಳನ್ನು ಕಂಡು ಅತ್ತಳು, ಆಮೇಲೆ ಬೈದಳು.

"ಇಪ್ಪತ್ತೈದು ಲಕ್ಷ ಬಂದ ಮೇಲೂ ಕುರಿ ಹಿಂದೆ ಅಲೀತೀಯಲ್ಲೇ, ನಿನಗೆ ಬುದ್ಧಿ ಐತಾ?"

"ಯಾವ ಇಪ್ಪತ್ತೈದು ಅಕ್ಕಾರೆ?"

ವಿಷಯ ಹೊರಬಿತ್ತು. ಸಿದ್ದಲಿಂಗಮ್ಮ ಕೂತಲ್ಲಿಂದ ಎದ್ದು ನಿಂತುಬಿಟ್ಟಳು. ಮೊದಲೇ ಅವಳ ಎದೆಯಲ್ಲಿ ಒಂದು ಮುಳ್ಳಿತ್ತು: ಚಿತ್ತಪ್ಪನನ್ನು ಕರೆದುಕೊಂಡು ಹೋದವನು ತನ್ನ ಮಗ. ಗಾದ್ರಮ್ಮ ಆ ಮಾತು ಒಂದು ದಿನವೂ ಎತ್ತಿರಲಿಲ್ಲ, ಎತ್ತದ್ದರಿಂದಲೇ ಅದು ಇನ್ನಷ್ಟು ಚುಚ್ಚುತ್ತಿತ್ತು.

"ಒಂದೇ ಬೆಂಚು, ಒಂದೇ ಬಾಂಬು. ನನ್ನ ಮಗಂಗೊಂದು ರೇಟು, ನಿನ್ನ ಗಂಡಂಗೊಂದು ರೇಟಾ? ಬ್ಯಾಡ ಗಾದ್ರಮ್ಮ. ನಮ್ಮದ್ರಾಗೆ ಅರ್ಧ ನಿಂಗೆ ಬರ್ಕೊಡ್ತೀನಿ. ಯಜಮಾನ್ರಿಗೆ ನಾ ಹೇಳ್ತೀನಿ."

"ನಿಮ್ಮ ಮಗನ ಪಾಲು ನಂಗ್ಯಾಕೆ ಅಕ್ಕಾರೆ? ತಿಂದ್ರೆ ಜೀರ್ಣ ಆಗಲ್ಲ. ನನ್ನ ಗಂಡನ ಪಾಲು ಕೇಳಾನ. ಅವನೂ ಸತ್ತವ್ನೇ ಅಲ್ವಾ? ಸತ್ತೋರ ಸಾಲಿನಾಗೆ ಅವನ ಹೆಸರು ಇರಬೇಕು. ಗಾಯ ಆಗಿ ಎಲ್ಲೋ ಕುಂಟ್ಕಂತಾ ತಿರುಗ್ತಾ ಅವ್ನೆ ಅಂದ್ಕಂಡಾರೆ, ಅದು ಸರಿಯಲ್ಲ."

ಅಲ್ಲಿಂದ ಓಡಾಟ ಶುರುವಾಯಿತು. ಗಂಗೋತ್ರಿ ಅರ್ಜಿ ಬರೆದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗಾದೆ ಕಟ್ಟಿದವನು ನಮ್ಮ ಆಫೀಸುಗಳ ಬೆಂಚಿನ ಮೇಲೆ ಕೂತು ಎದ್ದವನೇ ಇರಬೇಕು. ಒಂದು ಮೇಜಿನವರು ಇದು ಪೊಲೀಸರ ಕೆಲಸ ಅಂದರು. ಪೊಲೀಸರು ಇದು ಆ ರಾಜ್ಯದ ಕೇಸು ಅಂದರು. ಇನ್ನೊಂದು ಮೇಜಿನಲ್ಲಿ ಕನ್ನಡಕ ಹಣೆಗೇರಿಸಿಕೊಂಡಿದ್ದವನೊಬ್ಬ ಮರಣ ಪತ್ರ ನೋಡಿ, "ಸಹಜ ಸಾವು ಅಂತ ನೀವೇ ಬರೆಸಿದ್ದೀರಲ್ಲಮ್ಮ. ಆಸ್ಪತ್ರೆಯಿಂದ ಬಿಡಿಸಿಕೊಂಡು ಬಂದದ್ದೂ ನೀವೇ. ಬೇಕಾದರೆ ಹೆಣ ಹೊರಗೆ ತೆಗೆಸಿ ಪರೀಕ್ಷೆ ಮಾಡಿಸಬೇಕಾಗುತ್ತೆ" ಅಂದ. ಗಾದ್ರಮ್ಮನಿಗೆ ಮೈ ಉರಿಯಿತು.

"ಮಲಗಿರೋನ್ನ ಎಬ್ಬಿಸಿ ಏನು ಕೇಳ್ತೀರಿ ಸ್ವಾಮಿ? ನೀನು ಸತ್ತಿದ್ದು ಹೌದಾ ಅಂತಲಾ?" ಎಂದು ಕೇಳಿ ಅಲ್ಲಿಂದ ಬಂದಳು.

ಇನ್ನೊಂದು ದಾರಿ ಇತ್ತು. ಹಟ್ಟಿಯವರೇ ಬಂದು, ಅಂದು ನಾವು ತಪ್ಪು ಹೇಳಿದೆವು, ಚಿತ್ತಪ್ಪ ಸತ್ತದ್ದು ಬಾಂಬಿನಿಂದ ಎಂದು ಹೇಳಿಕೆ ಕೊಡಬೇಕು. ಗಂಗೋತ್ರಿ ಇದನ್ನು ಹೇಳಿದಾಗ ಬೀರಲಿಂಗಪ್ಪ ಗಡ್ಡ ಕೆರೆದುಕೊಂಡ.

"ಹೇಳಾಕೆ ನಂದೇನೂ ಅಡ್ಡಿಯಿಲ್ಲ. ಆದ್ರೆ ಸರ್ಕಾರದ ಮುಂದೆ ಕೆಟ್ಟ ಸಾವು ಅಂತ ಬರೆಸಿ, ಮನೆಯಾಗೆ ಒಳ್ಳೆ ಸಾವು ಅಂತ ಎಡೆ ಇಡಾಕಾಗಲ್ಲವ್ವಾ. ಇಬ್ಬಗೆ ಮಾತು ಹಿರೇರಿಗೆ ಆಗಲ್ಲ. ಎಡೆ ಹೊರಗಾಗುತ್ತೆ. ನೀನೇ ಯೋಚ್ನೆ ಮಾಡು."

ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು ಗಾದ್ರಮ್ಮನಿಗೆ. ಬಾಂಬು ಎಂದರೆ ಗಂಡ ಮನೆಯಿಂದ ಆಚೆ. ಒಳ್ಳೆ ಸಾವು ಎಂದರೆ ಸತ್ತವರ ಪಟ್ಟಿಯಿಂದ ಆಚೆ. ಜೀವನದಲ್ಲಿ ಮೊದಲ ಸಲ ಅವಳು ನಾಲ್ಕಾರು ದಿನ ಕುರಿಗಳನ್ನು ಬೈಯಲಿಲ್ಲ, ಹಟ್ಟಿಯವರು ಗಾಬರಿಯಾದರು. ಹೀಗೆ ಒಂದೂವರೆ ವರ್ಷ ಜಗ್ಗಾಡಿದ ಮೇಲೆ ಬಂದದ್ದು, ಗಾಯಾಳುಗಳ ಪಟ್ಟಿಯಲ್ಲೇ ಉಳಿದಿದ್ದ ಚಿತ್ತಪ್ಪನನ್ನು ಖುದ್ದಾಗಿ ಬಾ ಎಂದು ಕರೆದ ಆ ಕಾಗದ.

ಶ್ರಾವಣದ ಮೋಡ ಮುಚ್ಚಿದ ಬೆಳಿಗ್ಗೆ ಗಾದ್ರಮ್ಮ, ಗಂಗೋತ್ರಿ, ಬೀರಲಿಂಗಪ್ಪ ಜಗಳೂರಿನಲ್ಲಿ ಬಸ್ಸು ಹತ್ತಿದರು. ಹೆಂಗಸರಿಗೆ ಬಸ್ಸು ಫ್ರೀ, ಹಾಗಾಗಿ ಟಿಕೆಟ್ ಕೊಂಡವನು ಬೀರಲಿಂಗಪ್ಪ ಒಬ್ಬನೇ. ದಾರಿಯುದ್ದಕ್ಕೂ ಗಂಡಸಾಗಿ ಹುಟ್ಟಿದ್ದರ ಬಗ್ಗೆ ಗೊಣಗಿದ. ಆಫೀಸಿನ ಮುಂದೆ ಸಿದ್ದಲಿಂಗಮ್ಮ ಆಗಲೇ ಬಂದು ನಿಂತಿದ್ದಳು, ಕೈಯಲ್ಲಿ ರೊಟ್ಟಿ ಬುತ್ತಿ.

ಒಳಗೆ ಡಾಕ್ಟರೊಬ್ಬರು, ಅವರ ಪಕ್ಕ ಹೊಸದಾಗಿ ಬಂದಿದ್ದ ಅಧಿಕಾರಿ ವಾಣಿಶ್ರೀ. ನಲವತ್ತರ ಹೆಂಗಸು, ಫೈಲನ್ನು ಓದಿಯೇ ಸಹಿ ಮಾಡುವ ವಿಚಿತ್ರ ಅಭ್ಯಾಸದವರು ಎಂದು ಜವಾನ ಹೊರಗೆ ಹೇಳಿದ್ದ.

"ಚಿತ್ತಪ್ಪ ಅಂದ್ರೆ ಯಾರು? ಬಂದಿದ್ದಾರಾ?"

"ಅವನು ಬರಾಕಾಗಲಿಲ್ಲ ಮೇಡಮ್ಮಾರೆ. ಅದಕ್ಕೇ ನಾ ಬಂದೀನಿ, ಅವನ ಹೆಂಡ್ತಿ."

"ಯಾಕೆ, ನಡೆಯೋಕಾಗಲ್ವಾ?"

"ಇಲ್ರೀ. ಮಣ್ಣು ಮಾಡಿ ಮೂರು ವರ್ಷ ಆಗ್ತಾ ಬಂತು."

ವಾಣಿಶ್ರೀ ತಮ್ಮ ಆಫೀಸಿನ ಕಾಗದವನ್ನು ಒಮ್ಮೆ ನೋಡಿದರು, ಗಾದ್ರಮ್ಮನನ್ನು ಒಮ್ಮೆ ನೋಡಿದರು. "ಕೂತ್ಕೊಳ್ಳಿ" ಅಂದರು. ಗಂಗೋತ್ರಿ ಒಂದೊಂದೇ ಕಾಗದ ತೆಗೆದು ಮುಂದಿಟ್ಟಳು. ಡಾಕ್ಟರು ಆಸ್ಪತ್ರೆಯ ಚೀಟಿ ಓದಿದರು. ಹೊಟ್ಟೆಯಲ್ಲಿ ಕಬ್ಬಿಣದ ಚೂರು, ನಂಜು ರಕ್ತಕ್ಕೇರಿದೆ, ಉಳಿಯುವ ಭರವಸೆ ಇಲ್ಲ, ಮನೆಯವರು ತಮ್ಮ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದಾರೆ ಎಂದು ಅದರಲ್ಲಿತ್ತು.

"ಮೇಡಂ, ಇದನ್ನ ಓದಿದ ಯಾವ ಡಾಕ್ಟರೂ ಈ ಮನುಷ್ಯ ಒಂದು ತಿಂಗಳು ಬದುಕ್ತಾನೆ ಅನ್ನಲ್ಲ. ಆಸ್ಪತ್ರೆಯಲ್ಲಿದ್ದಿದ್ದರೂ ಅಷ್ಟೇ" ಅಂದರು.

"ನನಗೂ ಗೊತ್ತಾಗುತ್ತೆ ಡಾಕ್ಟ್ರೇ. ಆದ್ರೆ ಇವರ ಕಡೆಯವರೇ ಸಹಜ ಸಾವು ಅಂತ ಬರೆಸಿದ್ದಾರೆ. ಆ ಮಾತು ಹಾಗೇ ಇದ್ದರೆ ನಾನು ಏನು ಬರೆದರೂ ಮೇಲಿನವರು ವಾಪಸು ಕಳಿಸ್ತಾರೆ." ವಾಣಿಶ್ರೀ ಪೆನ್ನು ತೆಗೆದು ಗಾದ್ರಮ್ಮನ ಕಡೆ ತಿರುಗಿದರು. "ನೀವೇ ಹೇಳಬೇಕಮ್ಮ. ಚಿತ್ತಪ್ಪ ಹೇಗೆ ಸತ್ತರು? ಯೋಚನೆ ಮಾಡಿ ಹೇಳಿ. ಹೇಳಿದ್ದನ್ನ ಬರ್ಕೊಂಡು ಹೆಬ್ಬೆಟ್ಟು ತಗೊಳ್ತೀನಿ. ಆಮೇಲೆ ಬದಲಾಯಿಸೋಕೆ ಬರಲ್ಲ."

ಗಾದ್ರಮ್ಮ ಸುತ್ತ ನೋಡಿದಳು. ಪಕ್ಕದಲ್ಲಿ ಬೀರಲಿಂಗಪ್ಪ ನೆಲ ನೋಡುತ್ತಿದ್ದ. ಸಿದ್ದಲಿಂಗಮ್ಮ ಬಾಗಿಲ ಹತ್ತಿರ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು. ಗಂಗೋತ್ರಿ "ಬಾಂಬು ಅನ್ನವ್ವಾ" ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಬರುವಾಗ ಗಾದ್ರಮ್ಮ ಹತ್ತು ಸಲ ಬಾಂಬು ಎಂದು ತೀರ್ಮಾನಿಸಿದ್ದಳು, ಹತ್ತು ಸಲ ಬೇಡವೆಂದುಕೊಂಡಿದ್ದಳು. ಈಗ ಅವಳಿಗೆ ನೆನಪಾದದ್ದು ಗಂಡ ನೀರು ಕುಡಿದ ರೀತಿ ಮಾತ್ರ. ಆ ನೀರನ್ನು ಯಾರಿಗೋಸ್ಕರ ಸುಳ್ಳು ಮಾಡುವುದು ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ಅವಳಿಗೆ ಮಾತು ಸಲೀಸು.

"ಮೇಡಮ್ಮಾರೆ, ಕೊಂದಿದ್ದು ಬಾಂಬು. ಅದರಾಗೆ ಎರಡು ಮಾತಿಲ್ಲ. ಹತ್ತೊಂಬತ್ತು ದಿನ ಹೊಟ್ಟೆಯಾಗೆ ಕೂತ್ಕಂಡು ಕೊಲ್ತಾನೇ ಇತ್ತು. ಆದ್ರೆ ಸಾಯೋ ಕೆಲ್ಸ ಬಾಂಬಿಂದಲ್ಲ, ನನ್ನ ಗಂಡಂದು. ಅದನ್ನ ಅವನು ಮನೆಯಾಗೆ, ಎಲ್ಲಾರ ಹತ್ರ ಮಾತಾಡಿ, ನೀರು ಕುಡ್ದು ಚೆಂದಾಗಿ ಮಾಡ್ದ. ಕೊಂದಿದ್ದು ಕೆಟ್ಟದ್ದು, ಆ ಕೆಟ್ಟದ್ದು ಕೊಂದೋರ ತಲೆ ಮ್ಯಾಲೆ ಇರಲಿ. ಸತ್ತೋನ ತಲೆಗೆ ಯಾಕೆ ಕಟ್ತೀರಿ? ಎರಡನ್ನೂ ಬರ್ಕಳ್ರಿ. ಒಂದೇ ಬರ್ದ್ರೆ ಸುಳ್ಳಾಗುತ್ತೆ."

ವಾಣಿಶ್ರೀ ಬರೆದು, ಓದಿ ಹೇಳಿದರು: "ಬಾಂಬ್ ಸ್ಫೋಟದಲ್ಲಿ ಆದ ಗಾಯಗಳ ಕಾರಣದಿಂದ, ಹತ್ತೊಂಬತ್ತನೆಯ ದಿನ, ತನ್ನ ಸ್ವಂತ ಮನೆಯಲ್ಲಿ, ಕುಟುಂಬದವರ ಸಮ್ಮುಖದಲ್ಲಿ ಶಾಂತವಾಗಿ ಮರಣ ಹೊಂದಿದರು. ಸರಿನಾ?"

"ನೀರು ಕುಡ್ದಿದ್ದು ಬಿಟ್ರಿ."

"ಅದನ್ನೂ ಸೇರಿಸ್ತೀನಿ" ಅಂದರು ವಾಣಿಶ್ರೀ, ಸೇರಿಸಿದರು ಕೂಡ. ಆಮೇಲೆ ಬೀರಲಿಂಗಪ್ಪನ ಕಡೆ ನೋಡಿ, "ಅಜ್ಜಾರೇ, ಅವತ್ತು ಸಹಜ ಸಾವು ಅಂತ ಹೇಳಿದವರು ನೀವಂತೆ. ಈಗ ಏನಂತೀರಿ?" ಎಂದು ಕೇಳಿದರು.

ಬೀರಲಿಂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಎಪ್ಪತ್ತು ವರ್ಷದಿಂದ ಹೊತ್ತ ಕಟ್ಟಳೆ ಒಂದು ಹೆಂಗಸಿನ ನಾಲ್ಕು ಮಾತಿಗೆ ಅಲುಗಾಡಿದ್ದು ಅವನಿಗೆ ಕಸಿವಿಸಿಯಾಗಿರಬೇಕು. ಆದರೆ ಮುದುಕ ಸುಳ್ಳುಗಾರನಲ್ಲ.

"ಹುಡ್ಗಿ ಹೇಳಿದ್ದು ಸರಿ ಐತೆ ತಾಯಿ. ಸತ್ತೋನ ತಲೆಗೆ ಕಟ್ಟಬಾರ್ದು. ನಂದೂ ಒಂದು ಹೆಬ್ಬೆಟ್ಟು ಹಾಕ್ಕಳ್ರಿ."

ಐವತ್ತು ದಾಟಿದ ತನ್ನನ್ನು ಹುಡುಗಿ ಎಂದದ್ದಕ್ಕೆ ಗಾದ್ರಮ್ಮ ಹೊರಗೆ ಬಂದ ಮೇಲೆ ಅರ್ಧ ಗಂಟೆ ನಕ್ಕಳು. ನಾಲ್ಕೂ ಜನ ಕಾಂಪೌಂಡಿನ ಬೇವಿನ ಮರದಡಿ ಸಿದ್ದಲಿಂಗಮ್ಮನ ರೊಟ್ಟಿ ತಿಂದರು.

ಆ ವರ್ಷ ಹಿರಿಯರ ಹಬ್ಬಕ್ಕೆ ಬೀರಲಿಂಗಪ್ಪ ತಾನೇ ಬಂದು ಚಿತ್ತಪ್ಪನ ಎಡೆಯನ್ನು ಒಳಗಿನ ಗೋಡೆಗೆ ಇರಿಸಿದ. ಅಷ್ಟಕ್ಕೇ ನಿಲ್ಲಲಿಲ್ಲ. ಹಾವು ಕಚ್ಚಿ ಸತ್ತಿದ್ದ ತನ್ನ ತಮ್ಮನ ಎಡೆಯನ್ನೂ ನಲವತ್ತು ವರ್ಷದ ಮೇಲೆ ಹಿತ್ತಲಿನಿಂದ ಒಳಗೆ ತಂದ. ಹಟ್ಟಿಯ ಒಂದಿಬ್ಬರು ಮೂಗು ಮುರಿದರು. ಕಚ್ಚಿದ್ದು ಹಾವು, ತಪ್ಪು ಹಾವಿಂದು ಎಂದು ಮುದುಕ ಗದರಿಸಿದ. ದೀಪಾವಳಿಗೆ ಮುಂಚೆ ಸರ್ಕಾರದ ಆದೇಶವೂ ಬಂತು. ಮೃತರ ಪಟ್ಟಿಯಲ್ಲಿ ಹನ್ನೆರಡನೆಯ ಹೆಸರು ಚಿತ್ತಪ್ಪನದು, ಉಳಿದ ಹನ್ನೊಂದು ಜನರಿಗೆ ಸಂದದ್ದೇ ಇವನ ಮನೆಗೂ ಸಲ್ಲಬೇಕು ಎಂದಿತ್ತು. ಗಂಗೋತ್ರಿ ಅದನ್ನು ಜೆರಾಕ್ಸ್ ಮಾಡಿ ಹತ್ತು ಪ್ರತಿ ತಂದಳು. ಗಾದ್ರಮ್ಮ ಒಂದನ್ನು ಮಡಚಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು. ದುಡ್ಡು ಬಂದ ಮೇಲೆ ಮಾಡಿದ್ದು ಇಷ್ಟು: ರೊಪ್ಪಕ್ಕೆ ತಗಡು ಹಾಕಿಸಿದಳು, ಮಗಳ ಹೆಸರಿಗೆ ಒಂದಿಷ್ಟು ಇಟ್ಟಳು, ಹತ್ತು ಕುರಿ ಕೊಂಡಳು. ಸಂಕ್ರಾಂತಿ ಕಳೆದದ್ದೇ ಮಂದೆ ಹೊಡೆದುಕೊಂಡು ತ್ಯಾವಣಿಗೆಗೆ ಹೊರಟಳು. ಇನ್ನೂ ಯಾಕೆ ಅಲೆಯುತ್ತೀಯ ಎಂದವರಿಗೆಲ್ಲ, ಕೂತು ಉಣ್ಣಲು ತನಗೇನು ಗಾಯವಾಗಿದೆಯೇ ಎಂದು ಕೇಳಿದಳು.

ತ್ಯಾವಣಿಗೆಯ ಪಡಸಾಲೆಯಲ್ಲಿ ಸಿದ್ದಲಿಂಗಮ್ಮ ಆದೇಶದ ಕಾಗದವನ್ನು ಎರಡು ಸಲ ಓದಿದಳು. ಸಂತೋಷಪಟ್ಟಳು, ಕಾಫಿ ಕೊಟ್ಟಳು. ಕಾಗದ ಮಡಚಿ ಗಾದ್ರಮ್ಮನ ಕೈಗಿಟ್ಟಳು.

"ಸರ್ಕಾರ ನಮ್ಮಿಬ್ರನ್ನೂ ಸಮ ಮಾಡ್ತು ಗಾದ್ರಮ್ಮ. ನಂಗೆ ನಿಜವಾಗ್ಲೂ ಖುಷಿ ಆಗೈತೆ. ಆದ್ರೆ ನಿಂಗೆ ಹತ್ತೊಂಬತ್ತು ದಿನ ಸಿಕ್ತು. ನಂಗೆ ಒಂದು ನಿಮಿಷನೂ ಸಿಗಲಿಲ್ಲ. ಪೆಟ್ಟಿಗೆ ಮುಚ್ಚಿ ತಂದ್ರು, ಮುಖನೂ ತೋರಿಸಲಿಲ್ಲ. ನಿನ್ನ ಗಂಡ ಚೆಂದಾಗಿ ಸತ್ತ ಅಂತ ನೀನು ಎಲ್ಲಾರ ಮುಂದೆ ಹೇಳಿದೆ. ನನ್ನ ಮಗ ಹೆಂಗೆ ಸತ್ತ ಅಂತ ನಾನು ಏನಂತ ಹೇಳ್ಲಿ?"

ಈ ಪ್ರಶ್ನೆಗೆ ಗಾದ್ರಮ್ಮನ ಹತ್ತಿರ ಉತ್ತರವಿತ್ತು. ಮೂರು ವರ್ಷದಿಂದ ಇತ್ತು. ಆ ಮೂರು ದಿನದಲ್ಲಿ ಚಿತ್ತಪ್ಪ ಅಂಗಳದ ಮಂಚದ ಮೇಲೆ ಮಲಗಿ ಹೇಳಿದ ಮಾತುಗಳಲ್ಲಿ ವಿನಯನದೂ ಇತ್ತು. ಹೇಳಲು ಹೋದಾಗಲೆಲ್ಲ ಸಿದ್ದಲಿಂಗಮ್ಮ ಬೇಡ ಬೇಡವೆಂದು ಕೈ ಅಡ್ಡ ಹಿಡಿಯುತ್ತಿದ್ದಳು. ಇವತ್ತು ಅವಳಾಗಿಯೇ ಕೇಳಿದ್ದಳು. ಗಾದ್ರಮ್ಮ ಹತ್ತಿರ ಸರಿದು ಕೂತಳು.

"ಚಿತ್ತಪ್ಪ ಹೇಳ್ದ ಅಕ್ಕಾರೆ, ಕೇಳ್ರಿ. ಟಗರು ಒಪ್ಪಿಗೆ ಆಗಿ, ದುಡ್ಡು ಕೊಟ್ಟು, ಟೀ ಕುಡಿಯಾಕೆ ಕೂತಿದ್ರಂತೆ. ನಿಮ್ಮ ಮಗ ಟೀ ಆರಿ ಹೋಗೋದೂ ನೋಡ್ದೆ ನಿಮ್ಮ ಸುದ್ದೀನೇ ಹೇಳ್ತಿದ್ನಂತೆ. 'ಚಿತ್ತಪ್ಪ, ಈ ಟಗರು ನೋಡಿದ್ರೆ ನಮ್ಮವ್ವ ಮೊದಲ್ನೇ ದಿನ ಬೈತಾಳೆ. ಎರಡ್ನೇ ದಿನ ನಾತ ಅಂತ ಮೂಗು ಮುಚ್ಕಂತಾಳೆ. ಮೂರ್ನೇ ದಿನ ಯಾರಿಗೂ ಕಾಣದಂಗೆ ಹೋಗಿ ಅದಕ್ಕೆ ಬೆಲ್ಲ ತಿನ್ನಿಸ್ತಾಳೆ, ಬೇಕಾದ್ರೆ ನೋಡು' ಅಂದ್ನಂತೆ. ಅಂದು ಜೋರಾಗಿ ನಕ್ನಂತೆ. ನಗ್ತಿದ್ದಂಗೇ ಆಯ್ತಂತೆ. ನೋವು ಅನ್ನೋದು ಅವನ ಹತ್ರಕ್ಕೇ ಬರಲಿಲ್ಲ ಅಂತ ಚಿತ್ತಪ್ಪ ಆಣೆ ಮಾಡಿ ಹೇಳ್ದ. ಬಾಯಾಗೆ ನೀವಿದ್ರಿ, ಮುಖದಾಗೆ ನಗು ಇತ್ತು."

ಗದ್ದೆಯ ಕಡೆಯಿಂದ ಕುರಿಗಳ ಕೂಗು ಕೇಳುತ್ತಿತ್ತು.

"ಬೆಲ್ಲ ತಿನ್ನಿಸ್ತಾಳೆ ಅಂದ್ನಾ?"

"ಹೂಂ ಅಕ್ಕಾರೆ."

"ತಿನ್ನಿಸ್ತಿದ್ದೆ ಕಣೇ" ಅಂದಳು ಸಿದ್ದಲಿಂಗಮ್ಮ. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಅವನು ಹೇಳಿದ್ದು ಸರಿ, ಖಂಡಿತ ತಿನ್ನಿಸ್ತಿದ್ದೆ. ಇನ್ನೊಂದ್ಸಲ ಹೇಳು."

ಗಾದ್ರಮ್ಮ ಮೊದಲಿನಿಂದ ಮತ್ತೆ ಹೇಳಿದಳು.